ಒಂದು ಸಮಾಧಿ ಹೆಚ್ಚಾಗಿತ್ತು

ಗುಡ್ಡದ ಮೇಲಿನ ಸ್ಮಶಾನದಲ್ಲಿ ಯಾರನ್ನೂ ಹೂಳದೆ ಎಷ್ಟೋ ವರ್ಷಗಳಾಗಿದ್ದವು. ಹೂಳಲು ಅಲ್ಲಿ ಊರೇ ಉಳಿದಿರಲಿಲ್ಲ. ಚಿನ್ನದ ಗಣಿ ಮುಚ್ಚಿದ ಮೇಲೆ ನಾವೆಲ್ಲ ಗಂಟುಮೂಟೆ ಕಟ್ಟಿಕೊಂಡು ಗುಡ್ಡದ ಬುಡದ ಪೇಟೆಗೆ ಇಳಿದು ಬಂದಿದ್ದೆವು. ಮೇಲೆ ಉಳಿದದ್ದು ಸೂರು ಹಾರಿದ ಮನೆಗಳು, ತುಕ್ಕು ಹಿಡಿದ ಗಿರಣಿ ಮತ್ತು ಸತ್ತವರು. ಹೀಗಿರುವಾಗ ಒಂದು ಬೆಳಿಗ್ಗೆ, ನಾನು ಬಿಸಿ ಚಹಾ ಊದುತ್ತ ಕೂತಿದ್ದಾಗ, ಬೀಗದಮ್ಮ ಏದುಸಿರು ಬಿಡುತ್ತ ನಮ್ಮ ಬಾಗಿಲಿಗೆ ಬಂದು ನಿಂತಳು.

"ಮೇಲೆ ಒಂದು ಸಮಾಧಿ ಜಾಸ್ತಿಯಾಗಿದೆ" ಎಂದಳು.

"ಯಾರು ಹೋದ್ರು?" ಎಂದೆ. ಚಹಾ ನನ್ನ ತೊಡೆಯ ಮೇಲೆ ಚೆಲ್ಲಿತು.

"ನನಗೇನು ಗೊತ್ತು? ಕಲ್ಲಿನ ಮೇಲೆ ಏನೋ ಬರೆದಿದೆ. ಓದಕ್ಕೆ ಬಂದಿದ್ರೆ ನಿಮ್ಮನೆಗೆ ಯಾಕೆ ಓಡಿ ಬರ್ತಿದ್ದೆ?"

ಬೀಗದಮ್ಮ ಆ ಸ್ಮಶಾನದ ಕಾವಲುಗಾರ್ತಿ. ಸೊಂಟದಲ್ಲಿ ಸದಾ ಬೀಗದ ಕೈ ಗೊಂಚಲು ಇರುತ್ತಿದ್ದುದರಿಂದ ಆ ಹೆಸರು. ಮಗಳ ಹೆರಿಗೆಗೆಂದು ಪಕ್ಕದ ಊರಿಗೆ ಹೋಗಿದ್ದವಳು ಹಿಂದಿನ ಸಂಜೆಯಷ್ಟೇ ಮರಳಿದ್ದಳು. ಹೆಣ್ಣು ಮೊಮ್ಮಗು ಹುಟ್ಟಿದ ಸಿಹಿಸುದ್ದಿಯನ್ನು ನಮಗೆ ಹೇಳಬೇಕೆಂದುಕೊಂಡಿದ್ದವಳ ಬಾಯಿಂದ ಈ ಸುದ್ದಿ ಮೊದಲು ಬಂದಿತ್ತು.

ಅವಳು ಬಂದದ್ದು ನನ್ನ ಹತ್ತಿರವಲ್ಲ, ಅತ್ತಿಗೆಯ ಹತ್ತಿರ. ಪೇಟೆಯಲ್ಲಿ ಏನು ಕಳೆದರೂ, ಯಾರು ಯಾರ ಮೇಲೆ ಗೂಬೆ ಕೂರಿಸಿದರೂ ಜನ ಬರುವುದು ಅತ್ತಿಗೆಯ ಹತ್ತಿರವೇ. ಅಣ್ಣ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ನಾವಿಬ್ಬರು. ಅತ್ತಿಗೆ ಗಣಿಯ ಟೆಲಿಫೋನ್ ಕೋಣೆಯಲ್ಲಿ ಇಡೀ ಆಯುಷ್ಯ ಕಳೆದವರು. ಯಾರು ಏನು ಮಾತಾಡಿದರು ಎನ್ನುವುದಕ್ಕಿಂತ ಹೇಗೆ ಮಾತಾಡಿದರು ಎಂದು ಕೇಳಿಸಿಕೊಳ್ಳುವ ಅಭ್ಯಾಸ. ನಾನು ಫೋಟೋ ಸ್ಟುಡಿಯೋ ಮುಚ್ಚಿ ಕೂತ ಮೈದುನ. ಅವರು ಪತ್ತೆ ಮಾಡುತ್ತಾರೆ, ನಾನು ಅವರ ಚೀಲ ಹೊರುತ್ತೇನೆ. ಹೊಗಳಿಕೆಯಲ್ಲಿ ನನಗೆ ಪಾಲು ಸಿಗುವುದಿಲ್ಲ, ಬಿಸಿಲಿನಲ್ಲಿ ಮಾತ್ರ ಸಮಪಾಲು.

ಅತ್ತಿಗೆ ಎಲ್ಲಕ್ಕಿಂತ ಮೊದಲು ಮೂವರಿಗೆ ಫೋನ್ ಮಾಡಿದರು. ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿಯುವುದು ಅವರ ಹಳೆಯ ರೂಢಿಯಾದ್ದರಿಂದ ನನಗೂ ಎಲ್ಲ ಕೇಳಿಸುತ್ತಿತ್ತು. ಮೂವರಿಗೂ ಅವರು ಹೇಳಿದ್ದು ಒಂದೇ ಮಾತು: "ಗುಡ್ಡದ ಸ್ಮಶಾನದಲ್ಲಿ ಒಂದು ಸಮಾಧಿ ಹೆಚ್ಚಾಗಿದೆಯಂತೆ."

"ಯಾರು ಸತ್ತದ್ದು?" ಎಂದರು ರಸ್ತೆಯ ಅಧಿಕಾರಿ.

"ಅಯ್ಯೋ, ಯಾರ ಹೆಣ ಅದು? ಪೊಲೀಸು ಗಿಲೀಸು ಅಂತ ನನ್ನ ಕೆಲಸ ನಿಲ್ಸಲ್ಲ ತಾನೆ?" ಎಂದ ರಸ್ತೆ ಗುತ್ತಿಗೆದಾರ.

"ಸಾಧ್ಯವೇ ಇಲ್ಲ. ನನ್ನ ಪಟ್ಟಿಯಲ್ಲಿ ಇಲ್ಲದ ಸಮಾಧಿ ಅಲ್ಲಿಲ್ಲ. ಪಟ್ಟಿ ತಗೊಂಡೇ ಬರ್ತೀನಿ" ಎಂದರು ಪಟ್ಟಿ ಮೇಷ್ಟ್ರು.

ಈ ಮೂವರನ್ನೇ ಕರೆದದ್ದಕ್ಕೆ ಕಾರಣವಿತ್ತು. ಹೊಸ ರಸ್ತೆಯೊಂದು ಸ್ಮಶಾನದ ಕೆಳಮೂಲೆಯನ್ನು ಸೀಳಿಕೊಂಡು ಹೋಗಲಿತ್ತು. ಆ ಮೂಲೆಯಲ್ಲಿ ಒಂದೂ ಕಲ್ಲಿರಲಿಲ್ಲ, ಬರೀ ಹುಲ್ಲು. ಅಲ್ಲಿ ಸಮಾಧಿ ಇಲ್ಲವೆಂದಾದರೆ ರಸ್ತೆ ನೇರ. ಇದೆಯೆಂದಾದರೆ ಗುಡ್ಡ ಬಳಸಿ ಹೋಗಬೇಕು. ಬೀಗದಮ್ಮ ಮಾತ್ರ ರಸ್ತೆ ಕಚೇರಿಗೆ ಅರ್ಜಿ ಬರೆಸಿ ಕೊಟ್ಟು, ಕಂಡಕಂಡವರಿಗೆಲ್ಲ ಹೇಳುತ್ತ ಬಂದಿದ್ದಳು, ತನ್ನ ತಾಯಿ ಅಲ್ಲೇ ಮಲಗಿದ್ದಾಳೆ, ಪಕ್ಕದಲ್ಲಿ ಕೈಗೂಸು ತಮ್ಮನೂ ಇದ್ದಾನೆ ಎಂದು. ಗಣಿ ಶುರುವಾದ ಹೊಸದರಲ್ಲಿ, ಜನ ಇನ್ನೂ ಡೇರೆಗಳಲ್ಲಿದ್ದಾಗ, ಜ್ವರ ಬಂದು ಒಂದೇ ವಾರದಲ್ಲಿ ಇಬ್ಬರೂ ಹೋದರಂತೆ. ಆಗ ಬೀಗದಮ್ಮ ಇನ್ನೂ ತೊದಲು ಮಾತಿನ ಮಗು. ಅವಳನ್ನು ಸಾಕಿದವರು ಹೇಳಿದ್ದಷ್ಟೇ ಅವಳ ಬಳಿ ಇದ್ದ ಪುರಾವೆ.

ಪುರಾವೆ ಇನ್ನೊಂದು ಕಡೆ ಇತ್ತು, ಅವಳಿಗೆ ವಿರುದ್ಧವಾಗಿ. ಪಟ್ಟಿ ಮೇಷ್ಟ್ರು ನಿವೃತ್ತರಾದ ಮೇಲೆ ಹಳೆಯ ಗಣಿ ಕಚೇರಿಯ ದಾಖಲೆ ಕೋಣೆಯಲ್ಲೇ ಬಿಡಾರ ಹೂಡಿ, ಹೂಳಿದವರ ದಾಖಲೆಯನ್ನೂ ನಿಂತಿರುವ ಕಲ್ಲುಗಳನ್ನೂ ಒಂದಕ್ಕೊಂದು ತಾಳೆ ನೋಡಿ ಪುಸ್ತಕ ಮಾಡಿದವರು. ದೂರದೂರದಿಂದ ಮೊಮ್ಮಕ್ಕಳು ಬಂದರೆ ಅವರ ಅಜ್ಜನ ಸಮಾಧಿಯ ಮುಂದೆ ಕೈ ಹಿಡಿದು ನಿಲ್ಲಿಸುತ್ತಿದ್ದರು. ಅಕ್ಷರ ಮಾಸಿದ ಕಲ್ಲು ಕಂಡರೆ ತಾವೇ ಉಳಿ ಹಿಡಿದು ಕೂತು ತಿದ್ದುತ್ತಿದ್ದರು. ಆ ಪುಸ್ತಕದಲ್ಲಿ ಬೀಗದಮ್ಮನ ತಾಯಿ ಇರಲಿಲ್ಲ.

ನಾವು ಗುಡ್ಡ ಹತ್ತುವ ಹೊತ್ತಿಗೆ ಉಳಿದವರೂ ಬಂದಿದ್ದರು. ಕೆಳಮೂಲೆಯ ಹುಲ್ಲಿನ ನಡುವೆ, ಹಸಿ ಮಣ್ಣಿನ ದಿಬ್ಬದ ತಲೆಗೆ ಒಂದು ಹಳೆಯ ಕಲ್ಲು ನಿಂತಿತ್ತು. ಗೋಡೆಯ ಬದಿ ರಾಶಿ ಬಿದ್ದಿದ್ದ ಒಡಕು ಚಪ್ಪಡಿಗಳಲ್ಲೊಂದು ಅದು ಎಂದು ನೋಡಿದೊಡನೆ ಗೊತ್ತಾಗುತ್ತಿತ್ತು. ಅಕ್ಷರಗಳು ಮಾತ್ರ ಮುದ್ದಾಗಿದ್ದವು. ನಾನು ಗಟ್ಟಿಯಾಗಿ ಓದಿದೆ: ಉದ್ದನೆಯ, ತೂಕದ ಒಂದು ಹೆಣ್ಣು ಹೆಸರು, ಅದರ ಕೆಳಗೆ ಮೊದಲ ಡೇರೆಗಳ ಕಾಲದ ವರ್ಷ.

"ಅದ್ಯಾರು?" ಎಂದಳು ಬೀಗದಮ್ಮ.

"ನಿನ್ನ ತಾಯಿಯೇ ಇರಬೇಕಲ್ಲ, ಇನ್ಯಾರು?" ಎಂದು ಗುತ್ತಿಗೆದಾರ ನಕ್ಕ. "ನಾಟಕ ಸಾಕು. ರಸ್ತೆ ತಪ್ಸೋಕೆ ರಾತ್ರೋರಾತ್ರಿ ಅಮ್ಮನ ಸಮಾಧಿ ಕಟ್ಟಿದ್ದೀಯ."

"ನಮ್ಮಮ್ಮ ಗುಬ್ಬಿ" ಎಂದಳು ಅವಳು. "ಪುಟ್ಟ ಆಳಂತೆ, ಎಲ್ರೂ ಗುಬ್ಬಿ ಅಂತಲೇ ಕರೀತಿದ್ರಂತೆ. ಈ ಹೆಸರು ನಾನು ಕೇಳೇ ಇಲ್ಲ."

ಅಗೆದು ನೋಡಿದರೆ ತಿಳಿಯುತ್ತದೆ ಎಂದು ಮೇಷ್ಟ್ರು ಮೆಲ್ಲಗೆ ಸಲಹೆ ಕೊಟ್ಟರು. ಅಧಿಕಾರಿ ಒಪ್ಪಿದರು. ಗುತ್ತಿಗೆದಾರನ ಆಳುಗಳು ಅಗೆದರು. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಕಲ್ಲು ಬೆರೆತ ಕೆಂಪು ಮಣ್ಣು, ಮೊಣಕಾಲುದ್ದ ಇಳಿಯುವಷ್ಟರಲ್ಲಿ ಗುದ್ದಲಿ ಠಣ್ಣೆಂದಿತು. ಎಂದೂ ಯಾರೂ ಮುಟ್ಟದ ಬಂಡೆ. ಒಳಗೆ ಯಾರೂ ಇರಲಿಲ್ಲ. ಅಧಿಕಾರಿಯ ಮುಖ ಗಂಟಿಕ್ಕಿತು. ಸುಳ್ಳು ಸಮಾಧಿ ಕಟ್ಟಿದ್ದಾಳೆಂದರೆ ಅವಳ ಹಳೆಯ ಅರ್ಜಿಯೂ ಸುಳ್ಳೇ ಇರಬೇಕು ಎಂದರು. ತನಿಖೆ ಮುಗಿಯುವವರೆಗೆ ಬೀಗದ ಕೈ ಒಪ್ಪಿಸಿ ಮನೆಯಲ್ಲಿರು ಎಂದು ಅಪ್ಪಣೆಯಾಯಿತು. ವಾರದ ಕೊನೆಗೆ ಬಂದು ರಸ್ತೆಗೆ ಸಹಿ ಹಾಕುವುದಾಗಿ ಹೇಳಿ ಅವರು ಹೊರಟರು.

ಬೀಗದಮ್ಮ ಗೊಂಚಲನ್ನು ಸೊಂಟದಿಂದ ಬಿಚ್ಚಿ ಕೊಟ್ಟಳು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಆದರೆ ಬರಿದಾದ ಸೊಂಟವನ್ನು ಅವಳ ಕೈ ಮತ್ತೆ ಮತ್ತೆ ತಡವುತ್ತಿತ್ತು. ಗುತ್ತಿಗೆದಾರನ ಕತ್ತಿನ ಪಟ್ಟಿ ಹಿಡಿಯೋಣವೆಂದುಕೊಂಡೆ. ಅವನು ನನಗಿಂತ ಒಂದು ಮೊಳ ಎತ್ತರವಾಗಿದ್ದುದರಿಂದ ವಿಚಾರ ಕೈಬಿಟ್ಟೆ.

ಎಲ್ಲರೂ ಇಳಿದು ಹೋದ ಮೇಲೆ ಅತ್ತಿಗೆ ಆ ಮೂಲೆಯಲ್ಲಿ ಸುತ್ತತೊಡಗಿದರು. ಮಳೆ ನಿಂತು ಬಿಸಿಲು ಬಲಿಯುತ್ತಿದ್ದ ಕಾಲ. ಹುಲ್ಲು ಕೆಲವೆಡೆ ಹಸಿರು, ಕೆಲವೆಡೆ ಹಳದಿ. ನನ್ನ ತಲೆಯೂ ಬೋಳಾಗತೊಡಗಿದಾಗ ಹೀಗೇ ತೇಪೆ ತೇಪೆಯಾಗಿತ್ತು. ಹಾಗಂತ ಹೇಳಿದೆ. ಅತ್ತಿಗೆ ನಗಲಿಲ್ಲ, ನನ್ನ ತಲೆಯನ್ನೂ ಹುಲ್ಲನ್ನೂ ಒಮ್ಮೆ ನೋಡಿದರು. ಬೇಸರವಾಗಿ ನಾನು ಒಂದು ಹಳದಿ ತೇಪೆಯ ಮೇಲೆ ಕೂತೆ. ಕೂತದ್ದು ಇರುವೆ ಗೂಡಿನ ಮೇಲೆ. ನಾನು ಕುಣಿದ ಕುಣಿತವನ್ನು ವರ್ಣಿಸುವುದಿಲ್ಲ.

"ನಿಂತ್ಕೊ, ಅಲ್ಲಾಡ್ಬೇಡ" ಎಂದರು ಅತ್ತಿಗೆ.

"ಕಚ್ತಿವೆ, ಅತ್ತಿಗೆ."

"ಕಚ್ಲಿ. ಪ್ಯಾಂಟಿಗೆ ಹತ್ತಿರೋದು ಏನು ನೋಡು. ಬೂದು ಬಣ್ಣ. ಈ ಗುಡ್ಡದ ಮಣ್ಣು ಕೆಂಪಲ್ವಾ?"

ಇರುವೆಗಳು ಆಳದಿಂದ ಹೊತ್ತು ತಂದು ಗೂಡಿನ ಬಾಯಿಗೆ ಸುರಿದದ್ದು ಹಿಟ್ಟಿನಷ್ಟು ನಯವಾದ ಬೂದು ಮರಳು. ಅದನ್ನು ಅತ್ತಿಗೆ ಕರವಸ್ತ್ರದಲ್ಲಿ ಗಂಟು ಹಾಕಿಕೊಂಡರು. ನನ್ನ ಪ್ಯಾಂಟಿನ ಗತಿಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮಧ್ಯಾಹ್ನ ದಾಖಲೆ ಕೋಣೆಗೆ ಹೋದೆವು. ಮೇಷ್ಟ್ರು ನಮ್ಮನ್ನು ಚೆನ್ನಾಗಿಯೇ ಕಂಡರು. ಹೂಳಿದವರ ದಾಖಲೆ ಯಾವಾಗಿನಿಂದ ಇದೆ ಎಂದು ಅತ್ತಿಗೆ ಕೇಳಿದರು. ಕಚೇರಿ ಕಟ್ಟಡ ಎದ್ದ ದಿನದಿಂದ ಎಂದರು ಮೇಷ್ಟ್ರು. ಅದಕ್ಕೂ ಮೊದಲು ಏನೇನಿತ್ತು ಎಂದರೆ, ಡೇರೆಗಳು ಮತ್ತು ಗಿರಣಿ. ಅದಿರು ಪುಡಿಮಾಡುವ ಗಿರಣಿ ಮೊದಲು ಬಂತು, ಕಚೇರಿ ಆಮೇಲೆ ಎಂದರು. ಡೇರೆಗಳಲ್ಲಿದ್ದವರ ಹೆಸರುಗಳು ಎಲ್ಲಾದರೂ ಇವೆಯೇ ಎಂದು ಕೇಳಿದಾಗ, ಯಾರಿಗೆ ಯಾವ ಡೇರೆ ಕೊಟ್ಟರೆಂಬ ಹಳೆಯ ಹಾಳೆಗಳು ಮೇಲಿನ ಅಟ್ಟದಲ್ಲಿ ಕಟ್ಟು ಕಟ್ಟಿ ಬಿದ್ದಿವೆ, ಅವುಗಳನ್ನು ಯಾರೂ ಮುಟ್ಟುವುದಿಲ್ಲ ಎಂದರು. ನಾನು ತಲೆಯೆತ್ತಿ ನೋಡಿದೆ. ಅಟ್ಟದ ಕಟ್ಟುಗಳ ಮೇಲೆಲ್ಲ ದಪ್ಪ ಧೂಳು. ಒಂದು ಕಟ್ಟಿನ ಮೇಲೆ ಮಾತ್ರ ಇರಲಿಲ್ಲ.

ಮನೆಗೆ ಬಂದೊಡನೆ ಅತ್ತಿಗೆ ನನ್ನ ತಂದೆ ತೆಗೆದ ಹಳೆಯ ಫೋಟೋಗಳ ಪೆಟ್ಟಿಗೆ ತೆಗೆಸಿದರು. ಗಣಿಯ ಮೊದಲ ಜನರ ಜೊತೆಗೇ ಬಂದವರು ನನ್ನ ತಂದೆ. ಒಂದು ಫೋಟೋದಲ್ಲಿ ಸ್ಮಶಾನದ ಮೇಲ್ಭಾಗದಲ್ಲಿ ಯಾರನ್ನೋ ಮಣ್ಣು ಮಾಡುತ್ತಿದ್ದರು. ಜನ ತಲೆ ತಗ್ಗಿಸಿ ನಿಂತಿದ್ದರು, ಹಿಂದೆ ಒಂದು ಕೈಗಾಡಿ.

"ಅಪ್ಪ ಎಂಥ ಗಂಭೀರವಾದ ಚಿತ್ರ ತೆಗೆದಿದ್ರು, ಈ ಗಾಡಿ ಅಡ್ಡ ಬಂದು ಹಾಳು ಮಾಡಿದೆ" ಎಂದು ನಾನು ಕಸುಬಿನ ಅಭಿಪ್ರಾಯ ಕೊಟ್ಟೆ.

"ನಿಮ್ಮಪ್ಪ ನಿನಗಿಂತ ಬುದ್ಧಿವಂತ್ರು" ಎಂದರು ಅತ್ತಿಗೆ. "ಬಟ್ಟೆ ಒಣ ಹಾಕೋ ಹಗ್ಗ ಎಲ್ಲಾ ಬಿಚ್ಚು. ನೆರೆಮನೆಯವರದ್ದೂ ಕೇಳಿ ತಾ."

ವಾರದ ಕೊನೆಗೆ ಎಲ್ಲರೂ ಕೆಳಮೂಲೆಯಲ್ಲಿ ಸೇರಿದೆವು. ಅಧಿಕಾರಿ ಸಹಿ ಹಾಕಲು ಪೆನ್ನು ತಂದಿದ್ದರು. ಗುತ್ತಿಗೆದಾರ, ಮೇಷ್ಟ್ರು ಇದ್ದರು. ಬೀಗದಮ್ಮ ಬರಲು ಒಪ್ಪಿರಲಿಲ್ಲ. ಮಗಳೇ ಹಸುಗೂಸನ್ನು ಎತ್ತಿಕೊಂಡು ಬಂದು ಅಮ್ಮನನ್ನು ಹೊರಡಿಸಿದ್ದಳು. ಹುಲ್ಲಿನ ಮೇಲೆ ಹಗ್ಗಗಳಿದ್ದವು. ಬೆಳಗಿನಿಂದ ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದುಹೋಗಿತ್ತು. ಪ್ರತಿಯೊಂದು ಹಳದಿ ತೇಪೆಯ ಸುತ್ತ ಹಗ್ಗ ಹಾಸು ಎಂದಿದ್ದರು ಅತ್ತಿಗೆ. ಹಾಸುವಾಗ ತಲೆಬುಡ ಗೊತ್ತಾಗಿರಲಿಲ್ಲ. ಮುಗಿಸಿ ಗೋಡೆಯ ಮೇಲೆ ಹತ್ತಿ ನಿಂತು ನೋಡಿದಾಗ ಗೊತ್ತಾಯಿತು.

ತೇಪೆಗಳು ಅಡ್ಡಾದಿಡ್ಡಿಯಾಗಿರಲಿಲ್ಲ. ಸಾಲಾಗಿದ್ದವು. ಆಳುದ್ದ, ಆಳುದ್ದ, ಪಕ್ಕಪಕ್ಕದಲ್ಲಿ. ಅಲ್ಲಲ್ಲಿ ಗಿಡ್ಡವಾದವೂ ಇದ್ದವು.

"ಈ ಗುಡ್ಡ ಪೂರ್ತಿ ಬಂಡೆ" ಎಂದು ಅತ್ತಿಗೆ ಶುರು ಮಾಡಿದರು. ಅವರು ವಿವರಿಸುವಾಗ ದನಿ ಏರಿಸುವುದಿಲ್ಲ. ಟೆಲಿಫೋನಿನಲ್ಲಿ ಲೈನು ಕೊಡುವಷ್ಟೇ ಸಮಾಧಾನ. ಮೊದಲು ಬಂದವರು ಗಣಿಯವರು, ಬಂಡೆ ಒಡೆಯುವುದು ಅವರ ಕಸುಬು, ಸಮಾಧಿಯನ್ನೂ ಹಾಗೇ ಒಡೆದು ತೋಡಿದರು. ತೋಡಿದಾಗ ಬಂದದ್ದು ಮಣ್ಣಲ್ಲ, ಚೂಪು ಕಲ್ಲುಗಳು. ಅದನ್ನೇ ಮತ್ತೆ ಸುರಿದು ಮುಚ್ಚಬಹುದಿತ್ತು. ಹಾಗೆ ಮಾಡಲಿಲ್ಲ ಎನ್ನುತ್ತ ನನ್ನ ತಂದೆಯ ಫೋಟೋವನ್ನು ಅಧಿಕಾರಿಯ ಕೈಗೆ ಕೊಟ್ಟರು. ಕೈಗಾಡಿಯ ತುಂಬ ಇದ್ದದ್ದು ಗಿರಣಿಯ ಮರಳು, ಚಿನ್ನ ತೆಗೆದ ಮೇಲೆ ಉಳಿಯುವ ಬೂದು ಹಿಟ್ಟು.

"ದಿನವಿಡೀ ಕಲ್ಲು ಬೀಳೋ ಜಾಗದಲ್ಲಿ ದುಡಿದವ್ರು" ಎಂದರು. "ತಮ್ಮವರ ಮೇಲೆ ತಾವೇ ಕಲ್ಲು ಸುರಿಯೋಕೆ ಅವರಿಗೆ ಮನಸ್ಸು ಬರ್ಲಿಲ್ಲ. ಅದಕ್ಕೆ ಗಿರಣಿಯಿಂದ ಇಷ್ಟು ಎತ್ತರಕ್ಕೆ ಗಾಡಿ ತಳ್ಳಿಕೊಂಡು ಬಂದು, ಮೆತ್ತಗೆ ಮುಚ್ಚಿದ್ರು."

ಮರಳಿನಲ್ಲಿ ನೀರು ನಿಲ್ಲುವುದಿಲ್ಲ, ಆದ್ದರಿಂದ ಮಳೆ ನಿಂತೊಡನೆ ಅದರ ಮೇಲಿನ ಹುಲ್ಲೇ ಮೊದಲು ಒಣಗುತ್ತದೆ. ಗುತ್ತಿಗೆದಾರನ ಆಳು ಒಂದು ಹಗ್ಗದ ಒಳಗೆ ಗುದ್ದಲಿ ಹಾಕಿದ. ಗೇಣುದ್ದ ಕೆಂಪು ಮಣ್ಣು, ಕೆಳಗೆ ಬೂದು ಮರಳು. ಅತ್ತಿಗೆ ಅಲ್ಲಿಗೇ ನಿಲ್ಲಿಸಿದರು. ಇನ್ನೊಂದು ಹಗ್ಗದಲ್ಲಿ ನೋಡಿದರೂ ಅದೇ. ಅಧಿಕಾರಿ ತಾವೇ ಮಂಡಿಯೂರಿ ಮರಳನ್ನು ಬೆರಳಿನಲ್ಲಿ ಉಜ್ಜಿ ನೋಡಿ, ಪೆನ್ನನ್ನು ಜೇಬಿಗೆ ಸೇರಿಸಿದರು.

"ಹಾಗಾದ್ರೆ ಆ ಸುಳ್ಳು ಸಮಾಧಿ?" ಎಂದು ಕೇಳಿದರು.

"ಅದರಲ್ಲಿ ಕಲ್ಲುಮಣ್ಣು ಇತ್ತು. ಕಟ್ಟಿದವರಿಗೆ ಮರಳಿನ ವಿಷಯ ಗೊತ್ತಿರ್ಲಿಲ್ಲ."

ನಾನು ಗುತ್ತಿಗೆದಾರನನ್ನು ದುರುಗುಟ್ಟಿ ನೋಡುತ್ತಿದ್ದೆ. ಅತ್ತಿಗೆ ಅದನ್ನು ಕಂಡು, ನನ್ನ ಮೈದುನ ನಿಮ್ಮನ್ನು ಆಗಲೇ ಗಲ್ಲಿಗೇರಿಸಿದ್ದಾನೆ, ಕ್ಷಮಿಸಿ ಎಂದು ಅವನಿಗೆ ಹೇಳಿದರು. ಆಮೇಲೆ ಒಂದೊಂದಾಗಿ ಬಿಡಿಸಿಟ್ಟರು. ಆ ಸಮಾಧಿಯನ್ನು ಕಟ್ಟಿದ್ದು ಜನ ನಂಬಲೆಂದಲ್ಲ, ಅಗೆದಾಗ ಸುಳ್ಳೆಂದು ಬಯಲಾಗಲೆಂದು. ಒಂದು ಸುಳ್ಳು ಸಿಕ್ಕಿಬಿದ್ದರೆ ಆ ಮೂಲೆಯ ಮಾತನ್ನು ಮುಂದೆ ಯಾರೂ ಎತ್ತುವುದಿಲ್ಲ. ಬೀಗದಮ್ಮ ಅದನ್ನು ಕಟ್ಟಿದ್ದರೆ ಕಲ್ಲಿನ ಮೇಲೆ ಇರುತ್ತಿದ್ದದ್ದು ಗುಬ್ಬಿ ಎಂಬ ಹೆಸರು. ತಾಯಿಯ ಉದ್ದ ಹೆಸರನ್ನು ಅವಳು ಕೇಳಿಯೇ ಇರಲಿಲ್ಲ. ಆ ಹೆಸರು ಸಿಗುವುದು ಡೇರೆಗಳ ಹಳೆಯ ಹಾಳೆಗಳಲ್ಲಿ ಮಾತ್ರ, ಅಟ್ಟದ ಧೂಳಿಲ್ಲದ ಕಟ್ಟಿನಲ್ಲಿ. ಕಲ್ಲಿನ ಅಕ್ಷರಗಳೋ, ಉಳಿ ಹಿಡಿದು ಪಳಗಿದ ಕೈಯವು.

"ಇಷ್ಟೆಲ್ಲ ಆಮೇಲೆ ಕಂಡದ್ದು" ಎಂದರು ಅತ್ತಿಗೆ. "ನನಗೆ ಅನುಮಾನ ಬಂದದ್ದು ಅವತ್ತು ಬೆಳಿಗ್ಗೆ ಫೋನಿನಲ್ಲೇ. ಸಮಾಧಿ ಹೆಚ್ಚಾಗಿದೆ ಅಂದ್ರೆ ಯಾರಾದ್ರೂ ಮೊದಲು ಏನು ಕೇಳ್ತಾರೆ? ನನ್ನ ಮೈದುನ ಕೇಳಿದ, ಯಾರು ಹೋದ್ರು ಅಂತ. ನೀವು ಕೇಳಿದ್ರಿ. ಗುತ್ತಿಗೆದಾರರೂ ಕೇಳಿದ್ರು. ಒಬ್ರು ಮಾತ್ರ ಕೇಳ್ಲಿಲ್ಲ. ಅದರೊಳಗೆ ಯಾರೂ ಇಲ್ಲ ಅಂತ ಅವರಿಗೆ ಮೊದಲೇ ಗೊತ್ತಿತ್ತು."

ಯಾರೂ ಮೇಷ್ಟ್ರ ಕಡೆ ತಿರುಗಬೇಕಾಗಲಿಲ್ಲ. ಅವರು ಆಗಲೇ ಒಡಕು ಚಪ್ಪಡಿಗಳ ಮೇಲೆ ಕುಸಿದು ಕೂತಿದ್ದರು. ಎದೆಗೆ ಅವಚಿಕೊಂಡಿದ್ದ ಪುಸ್ತಕ ಮಡಿಲಿಗೆ ಜಾರಿತ್ತು.

"ಸುಳ್ಳು ಅಂತ ತೋರಿಸೋಕೇ ಹುಡುಕೋಕೆ ಹೋದೆ" ಎಂದರು. "ಬೀಗದಮ್ಮನ ಅಪ್ಪನ ಡೇರೆ ಹಾಳೇಲಿ ಹೆಸರು ಸಿಕ್ಕಿಬಿಡ್ತು. ಗಂಡ, ಹೆಂಡತಿ, ಇಬ್ರು ಮಕ್ಕಳು ಅಂತ ಇತ್ತು ಹಾಳೇಲಿ. ಮುಂದಿನ ಹಾಳೇಲಿ ಗಂಡ, ಒಂದು ಮಗು. ಅಂಥ ಹಾಳೆಗಳು ಇನ್ನೂ ಎಷ್ಟೋ ಇದ್ವು. ಒಬ್ರೂ ಬಿಟ್ಟುಹೋಗಿಲ್ಲ ಅಂತ ಪುಸ್ತಕದ ಮೊದಲ ಪುಟದಲ್ಲೇ ಬರೆದಿದ್ದೀನಿ. ಬದುಕಿನಲ್ಲಿ ನಾನು ಪೂರ್ತಿ ಮಾಡಿದ ಕೆಲಸ ಇದೊಂದೇ. ಅದೂ ಅರೆಬರೆ ಅಂತ ಒಪ್ಪಿಕೊಳ್ಳೋಕೆ ಆಗ್ಲಿಲ್ಲ."

ನನಗೆ ಸಿಟ್ಟು ಬಂದಿತ್ತು. ಬೀಗದಮ್ಮನ ಗೊಂಚಲು ಬಿಚ್ಚಿಸಿದಾಗ ಈ ಮನುಷ್ಯ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದರಲ್ಲ ಎಂದು ಅಂದೇಬಿಟ್ಟೆ. ಅಧಿಕಾರಿ ಗೊಂಚಲನ್ನು ಬೀಗದಮ್ಮನಿಗೆ ಎರಡೂ ಕೈಯಲ್ಲಿ ಮರಳಿಸಿ, ರಸ್ತೆ ಗುಡ್ಡ ಬಳಸಿ ಹೋಗುತ್ತದೆ ಎಂದರು. ಮೇಷ್ಟ್ರ ಮೇಲೆ ದೂರು ಕೊಡುವೆಯಾ ಎಂದೂ ಕೇಳಿದರು.

ಬೀಗದಮ್ಮ ಆಗಲೇ ಹಗ್ಗಗಳ ನಡುವೆ, ಯಾವುದನ್ನೂ ತುಳಿಯದಂತೆ, ಒಂದೊಂದೇ ಹೆಜ್ಜೆ ಇಡುತ್ತ ನಡೆದಿದ್ದಳು. ಕೊನೆಯ ಸಾಲಿನ ತುದಿಯಲ್ಲಿ ನಿಂತಳು. ಅಲ್ಲಿ ಬೇರೆ ಆಳುದ್ದದವಕ್ಕಿಂತ ಸ್ವಲ್ಪ ಗಿಡ್ಡವಾದ ಒಂದು ತೇಪೆ, ಅದಕ್ಕೆ ಒತ್ತಿಕೊಂಡು, ನಡುವೆ ಅಂಗೈಯಷ್ಟೂ ಜಾಗವಿಲ್ಲದೆ, ಒಂದು ತೀರ ಪುಟ್ಟ ತೇಪೆ. ಇಡೀ ಮೂಲೆಯಲ್ಲಿ ಹಾಗೆ ಜೊತೆಯಾಗಿದ್ದದ್ದು ಅದೊಂದೇ.

ಅವಳು ಕೂತು ಹುಲ್ಲು ಸವರಿದಳು. ಮಗಳನ್ನು ಕರೆದು ಹಸುಗೂಸನ್ನು ಮಡಿಲಿಗೆ ತೆಗೆದುಕೊಂಡಳು. "ನೋಡಮ್ಮ, ನಿನ್ನ ಮುತ್ತಜ್ಜಿ" ಎಂದಳು. ಆಗ ಅತ್ತಳು. ನಾನು ಬೇರೆ ಕಡೆ ನೋಡಿದೆ. ಆ ಕಡೆ ನೋಡಿದರೆ ಅತ್ತಿಗೆಯೂ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಬೀಗದಮ್ಮ ಕೂತಲ್ಲಿಂದಲೇ ಹೇಳಿದಳು: "ಮೇಷ್ಟ್ರೇ, ಆ ಕಲ್ಲು ಚೆನ್ನಾಗಿ ಕೆತ್ತಿದ್ದೀರಿ. ಸುಳ್ಳು ಜಾಗದಲ್ಲಿ ಇಟ್ರಿ ಅಷ್ಟೇ. ಇಲ್ಲಿಗೆ ತನ್ನಿ. ಗುಬ್ಬಿ ಅನ್ನೋದನ್ನೂ ಸೇರಿಸಿ. ದೂರು ಗೀರು ನನಗೆ ಬೇಡ. ಆ ಹಾಳೆಗಳಲ್ಲಿ ಇರೋ ಬೇರೆಯವರನ್ನೂ ಬರೀರಿ. ಅವರಿಗೂ ಮಕ್ಕಳು ಮರಿ ಇದ್ದಾರು."

ಮೇಷ್ಟ್ರು ಎದ್ದರು. ಏಳಲು ನಾನೇ ಕೈ ಕೊಡಬೇಕಾಯಿತು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ, ಆದರೂ ಕೊಟ್ಟೆ. ಅವರು ಹಗ್ಗಗಳನ್ನು ಬಳಸಿಕೊಂಡು ಬಂದು ಬೀಗದಮ್ಮನ ಎದುರು ನೆಲದ ಮೇಲೆಯೇ ಕೂತರು. ಪುಸ್ತಕದ ಕೊನೆಯ ಖಾಲಿ ಹಾಳೆ ತೆರೆದು, ಪೆನ್ನಿಗೆ ತಡಕಾಡಿದರು. ಅಧಿಕಾರಿ ರಸ್ತೆಗೆ ಸಹಿ ಹಾಕಲು ತಂದಿದ್ದ ಪೆನ್ನನ್ನೇ ಕೊಟ್ಟರು.

ಹಾಳೆಯ ಮೇಲೆ ಪೆನ್ನು ಊರಿದರು. ಆಮೇಲೆ ಅವತ್ತು ಬೆಳಿಗ್ಗೆ ಫೋನಿನಲ್ಲಿ ಕೇಳದಿದ್ದ ಪ್ರಶ್ನೆಯನ್ನು ಕೇಳಿದರು.

"ಯಾರಮ್ಮ ಹೋದದ್ದು?"

"ನಮ್ಮಮ್ಮ" ಎಂದಳು ಬೀಗದಮ್ಮ. "ಪಕ್ಕದಲ್ಲಿ ನನ್ನ ತಮ್ಮ. ಬರ್ಕೊಳ್ಳಿ, ಹೇಳ್ತೀನಿ."